ಗೆಣ್ಣು

ಮಾರಿಷಸ್ಸಿನ ಫ್ಲಾಕ್ ಊರಾಚೆ, ಕಬ್ಬಿನ ಕಟಾವು.
ಹೊಲದ ನಡುವಿನ ಕರಿಗಲ್ಲ ಗುಡ್ಡೆಗೆ
ಮಚ್ಚು ಒರಗಿಸಿ ಕೂತಿದ್ದಾಳೆ ಫುಲ್‌ಬಸಿಯಾ.

ಮೊಮ್ಮಗಳು ವಿದುಷಿಗೆ ಕ್ರಿಯೋಲ್ ನೀರು ಕುಡಿದಷ್ಟು ಸಲೀಸು.
‘ಶಾಲೆಯಲ್ಲಿ ನಾವು ಫೆತ್ ಅನ್ನುತ್ತೇವೆ.
ನೀನೇಕೆ ಪರಬ್ ಅನ್ನುತ್ತೀ? ಹಾಗಂದರೇನು?’

ಅಜ್ಜಿ ಒಂದು ಜಲ್ಲೆ ಎಳೆದು
ಸೋಗೆ ಸುಲಿದು ಕೊಟ್ಟಳು: ‘ಕಚ್ಚು.’
ಹುಡುಗಿ ಕಚ್ಚಿದ್ದು ಸರಿಯಾಗಿ ಗೆಣ್ಣಿಗೇ.
ಹಲ್ಲು ಜುಮ್ಮೆಂದಿತು.

‘ಇದು ಪೋರ್. ಪರಬ್ ಅಂದರೂ ಇದೇ,
ನನ್ನಪ್ಪ ಹೇಳುತ್ತಿದ್ದ.’
‘ಇಲ್ಲಿ ರಸವೇ ಇಲ್ಲವಲ್ಲ!’
‘ರಸ ಆಚೆ ಈಚೆ, ಬರೀ ದಿನಗಳಲ್ಲಿ.
ಅದನ್ನು ಹಿಂಡುವವರು ಹಿಂಡಿಕೊಳ್ಳುತ್ತಾರೆ.’

(ನಮ್ಮಲ್ಲೂ, ಪಾಲು ಹಾಲಾದ ದಾರಿಯಲ್ಲೇ
ಪರ್ವ ಪಬ್ಬವಾಗಿ, ಹಬ್ಬವಾಗಿ,
ತುಪ್ಪ ಹೋಳಿಗೆ ಮೆತ್ತಿಕೊಂಡು
ತನ್ನ ಗಂಟನ್ನು ಮರೆತುಬಿಟ್ಟಿತು.)

ಆಮೇಲೆ ಗೆಣ್ಣಿಗೆ ಅಂಟಿ ಮಲಗಿದ್ದ
ಕಾಳಿನಷ್ಟು ಕಣ್ಣನ್ನು ಉಗುರಲ್ಲಿ ತೋರಿಸಿದಳು.
‘ಮುಂದಿನ ಬೆಳೆ ಏಳುವುದು ಇಲ್ಲಿಂದ.
ಸಿಹಿಯನ್ನಷ್ಟೇ ಊರಿದರೆ
ಇರುವೆ ಬರುತ್ತವೆ, ಕಬ್ಬು ಬರುವುದಿಲ್ಲ.’

ವಿದುಷಿ ಇದನ್ನು ಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ.
ಅಜ್ಜಿಯ ಎಡಗೈ ತೊಡೆಯ ಮೇಲಿಟ್ಟುಕೊಂಡು
ದೀವಾಲಿಗೆ ಉಳಿದ ದಿನಗಳನ್ನು
ತೋರುಬೆರಳಿಂದ ಗೆಣ್ಣು ಗೆಣ್ಣಾಗಿ ಎಣಿಸುತ್ತ ಬಂದಳು.
ಹತ್ತು. ಹನ್ನೊಂದು.
ಕಿರುಬೆರಳಲ್ಲಿ ಒಂದು ಗೆಣ್ಣು ಕಡಿಮೆ,
ಯಾವುದೋ ಕಟಾವಿನ ಮಚ್ಚಿಗೆ ಹೋದದ್ದು.
ಹುಡುಗಿ ತಡೆಯಲಿಲ್ಲ.
ಬೆರಳಿರಬೇಕಾದ ಗಾಳಿಯನ್ನು ಮುಟ್ಟಿ
‘ಹನ್ನೆರಡು’ ಅಂದಳು.