ಉಗುರು ನೋಡುವ ಹೊತ್ತು

ಏಳಕ್ಕೆ ಹತ್ತು ನಿಮಿಷ ಇರುವಾಗ
ಗದಗಿನ ದವಾಖಾನೆಯ ಹಿಂದಿನ ಪಡಸಾಲೆಯಲ್ಲಿ
ಮೂವತ್ತೊಂದು ಜೋಡಿ ಕೈ ಚಾಚಿ ನಿಲ್ಲುತ್ತವೆ,
ಅಂಗೈ ಮೊದಲು, ಆಮೇಲೆ ಬೆನ್ನು.
ನಾನು ಉಗುರು ನೋಡುವವಳು.
ಹದಿನೆಂಟು ವರ್ಷದಿಂದ ಇದೇ ನನ್ನ ಬೆಳಗು.

ಉಗುರು ಬೆರಳ ತುದಿ ದಾಟಬಾರದು.
ಕೂದಲು ಕಾಲರು ಮುಟ್ಟಬಾರದು.
ಮೊಣಕೈ ಕೆಳಗೆ ಏನೂ ಇರಬಾರದು:
ಬಳೆ, ತಾಯಿತ, ಗಡಿಯಾರ,
ಸೋದರಮಾವ ಕೊಡಿಸಿದ ಬೆಳ್ಳಿ ಕಡಗ.
ಮಲ್ಲಿಗೆ ವಾರ್ಡಿನ ಬಾಗಿಲಾಚೆ.
ಬಿಳಿ ಅಂದರೆ ಬಿಳಿ, ಅಂತ ಹೇಳುತ್ತೇನೆ
ನಳ ಯಾವತ್ತು ಬರುತ್ತದೋ ತಿಳಿಯದ ಊರಲ್ಲಿ.
ಸವಳು ಬೋರಿನ ನೀರು, ಎರಡು ಹನಿ ನೀಲಿ,
ಹಾಸ್ಟೆಲ್ಲಿನ ಹಗ್ಗದ ಮೇಲೆ
ಆ ಬಿಳಿ ಒಣಗಿ ಮಜ್ಜಿಗೆ ಬಣ್ಣವಾಗುತ್ತದೆ.
ನನಗೆ ಗೊತ್ತು. ಆದರೂ ಕೇಳುತ್ತೇನೆ.

ತೆಗೆದದ್ದೆಲ್ಲ ನನ್ನ ಬಿಸ್ಕೀಟು ಡಬ್ಬಿಗೆ,
ಮಧ್ಯಾಹ್ನ ಎರಡಕ್ಕೆ ಮರಳಿ.
ಹಸೀನಾ ನದಾಫಳ ಮೂಗಿನ ಹರಳು,
ಮೈಲಾರಪ್ಪನ ಮುಂಗೈ ದಾರ.
"ದೇವರದ್ರೀ ಮೇಡಂ."
"ದೇವರೂ ಎರಡು ತಾಸು ಕುಂದರ್ಲಿ ಡಬ್ಬ್ಯಾಗ."

ಮೊನ್ನೆ ಸೋಮವಾರ, ಸಾಲಿನ ಕೊನೆಗೆ,
ಬೆಟಗೇರಿಯಿಂದ ನಡೆದು ಬರುವ ಬನಶಂಕರಿ:
ಬೆರಳು ಹತ್ತೂ ಕೆಂಪು, ಉಗುರ ಬುಡದ ತನಕ.
"ಯಾರ ಮದುವೀಗೆ ಹೋಗಿದ್ದಿ?"
"ಮದುವಿ ಅಲ್ರಿ. ನೂಲಿನ ಬಣ್ಣ.
ಅಪ್ಪನ ರಟ್ಟಿ ಏಳವಲ್ದು, ರಾತ್ರಿ ನಾನ ಅದ್ದೀನ್ರಿ."
ಕಲ್ಲಿಗೆ ತಿಕ್ಕಿದ್ದಳು, ನಿಂಬೆ ಹಚ್ಚಿದ್ದಳು,
ಸೀಮೆಎಣ್ಣೆ, ಕಡೆಗೆ ಬ್ಲೀಚಿಂಗ್ ಪುಡಿ;
ಬಣ್ಣ ಹೋಗಿರಲಿಲ್ಲ, ಚರ್ಮ ಹೋಗಿತ್ತು.

ನಿಯಮದ ಹಾಳೆಯಲ್ಲಿ ಗೋರಂಟಿ ಇದೆ,
ಉಗುರುಬಣ್ಣ ಇದೆ, ಅಂಟಿಸುವ ಉಗುರೂ ಇದೆ.
ನೂಲಿನ ಬಣ್ಣ ಇಲ್ಲ.
"ಕೈಗವಸು ಹಾಕ್ಕೋ" ಎಂದೆ. ಬೇರೇನು ಹೇಳಲಿ?

ಅವಳು ಕೈ ಹಿಂದೆಗೆಯಲಿಲ್ಲ.
ನನ್ನ ಕೈ ನೋಡುತ್ತಿದ್ದಳು.
"ಮೇಡಂ, ಉಂಗುರ ಬೆರಳಾಗ ನಟ್ಟೈತ್ರಿ."

ಹೌದು. ಥೈರಾಯ್ಡಿನ ಗುಳಿಗೆ ತಪ್ಪಿದ ವರ್ಷದಿಂದ
ಆ ಬೆರಳು ಬಾತು ಬದನೆಕಾಯಿ.
ಸಾಬೂನಿಗೆ ಬರಲಿಲ್ಲ, ಕೊಬ್ಬರಿ ಎಣ್ಣೆಗೆ ಬರಲಿಲ್ಲ,
ಪತ್ತಾರ ಕತ್ತರಿಸ್ತೀನಿ ಅಂದ, ಬೇಡ ಎಂದೆ.
(ಕೊಟ್ಟವರು ಹಾವೇರಿಯಲ್ಲಿದ್ದಾರೆ, ಬೇರೆ ಸಂಸಾರ;
ಆ ಮಾತು ಇಲ್ಲಿ ಬೇಡ.)
ಎಡಗೈಯನ್ನು ರಜಿಸ್ಟರಿನ ಕೆಳಗೆ ಹಿಡಿಯುವುದು
ಅಭ್ಯಾಸವಾಗಿತ್ತು.
ಮೂವತ್ತೊಂದು ಮಂದಿಗೂ ಗೊತ್ತಿತ್ತೆಂದು
ಅವತ್ತು ಗೊತ್ತಾಯಿತು.

"ದಾರ ಕೊಡ್ರಿ" ಎಂದಳು, ಕೇಳುವ ದನಿಯಲ್ಲಲ್ಲ.
ಅವಧಿ ಮುಗಿದ ಹೊಲಿಗೆಯ ರೇಷ್ಮೆ ತಂದರು.
ತುದಿಯನ್ನು ಉಂಗುರದಡಿ ತೂರಿಸಿ
ಗೆಣ್ಣಿನ ಮೇಲೆ ಸುತ್ತತೊಡಗಿದಳು,
ಸುತ್ತಿಗೆ ಸುತ್ತು ತಾಗಿಸಿ, ಒಂದೆಳೆ ಸಂದು ಬಿಡದೆ,
ಕಂಡಿಕೆ ಸುತ್ತುವವರ ಕೈಗಷ್ಟೇ ಬರುವ
ಅವಸರವಿಲ್ಲದ ವೇಗದಲ್ಲಿ.
ನೋವಾಯಿತು. ಬೆರಳು ನೀಲಿಗಟ್ಟಿತು.
ಹಸೀನಾ ಹೆಗಲು ಹಿಡಿದಳು,
ಯಾರೋ ನಕ್ಕರು, ಯಾರೋ ಸುಮ್ಮನಿರ್ರೇ ಎಂದರು.
ಆಮೇಲೆ ಉಂಗುರದಡಿಯ ತುದಿ ಹಿಡಿದು
ಬಿಚ್ಚುತ್ತ ಬಂದಳು,
ಸುತ್ತು ಸುತ್ತಿಗೂ ಉಂಗುರ ಇಳಿಯಿತು
ಗುಡ್ಡ ಇಳಿಯುವ ಬಸ್ಸಿನ ಹಾಗೆ.

ಅದರಡಿಯ ಚರ್ಮ
ಯಾವ ನೀಲಿ ಹಾಕಿ ಹಿಂಡಿದರೂ ಬಾರದಷ್ಟು ಬಿಳಿ.

ಡಬ್ಬಿಗೆ ಹಾಕಿದೆ, ಠಣ್ ಎಂದಿತು.
ಏಳೂವರೆ. ತಡವಾಗಿತ್ತು. ವಾರ್ಡಿಗೆ ನಡೆದರು.

ಅಲ್ಲಿ ಲಕ್ಕುಂಡಿಯ ಮುದುಕಿಯೊಬ್ಬಳು
ಗವಸಿನೊಳಗಿಂದ ಇಣುಕಿದ ಕೆಂಪು ಕಂಡು
"ಇನ್ನೊಮ್ಮೆ ಅದ್ದಬೇಕಾಗಿತ್ತವಾ, ಹಸಿ ಉಳದೈತಿ"
ಎಂದಳಂತೆ, ಬಿಪಿ ಪಟ್ಟಿಗೆ ತೋಳು ಚಾಚುತ್ತ.

ಎರಡಕ್ಕೆ ಎಲ್ಲರೂ ತಮ್ಮತಮ್ಮದು ಒಯ್ದರು.
ರಜಿಸ್ಟರಿನಲ್ಲಿ ಅವಳ ಹೆಸರಿನೆದುರು
ಉಗುರಿನ ಕಾಲಂ ಇನ್ನೂ ಖಾಲಿ.
ನನ್ನ ಹೆಸರಿಗೆ ಕಾಲಮ್ಮೇ ಇಲ್ಲ.

ಈಗ ಎರಡೂ ಕೈ ಮೇಲಿಟ್ಟೇ ನಿಲ್ಲುತ್ತೇನೆ.
ಹೆಬ್ಬೆರಳು ಮಾತ್ರ ಆಗಾಗ
ಆ ಬೆರಳ ಬುಡಕ್ಕೆ ಹೋಗಿ ತಡವುತ್ತದೆ,
ಬರಿಗೈಲಿ ಬರುತ್ತದೆ.