ಗೂಟಿ

ಜುಲೈಯಲ್ಲಿ ಕಡ್ಡಿ ಊರಿದ್ದೆ. ಎರಡು ವರ್ಷ, ಇಪ್ಪತ್ತೇಳು ಕಡ್ಡಿ.
ಎಲೆ ಅರ್ಧಕ್ಕೆ ಕತ್ತರಿಸಿ, ಮಣ್ಣಿಗೆ ಮರಳು ಬೆರೆಸಿ,
ಮೇಲೆ ತಳ ಕೊಯ್ದ ನೀರಿನ ಬಾಟಲಿ ಮುಚ್ಚಿ
ಹಸುಗೂಸು ಕಾದಂತೆ ಕಾದೆ.
ಎಲೆ ಹಸಿರು, ಕ್ರಿಸ್‌ಮಸ್ ಕಳೆದರೂ ಹಸಿರು.
ಕಿತ್ತು ನೋಡಿದರೆ ಬುಡದಲ್ಲಿ ಬಿಳಿ ಗಂಟು, ಬೇರಿಲ್ಲ.
ಕ್ಯಾಮೆಲಿಯಾ ಹೀಗೆ:
ಸತ್ತದ್ದನ್ನು ಆರು ತಿಂಗಳು ಯಾರಿಗೂ ಹೇಳುವುದಿಲ್ಲ.

ಬೀಜ ಹಾಕೇ, ಅಂದಳು ಕಾರ್ಖಾನೆಯ ಒಬ್ದುಲಿಯಾ
ಮಸ್ಸೆಲ್ ಡಬ್ಬಿಗೆ ಎಣ್ಣೆ ಸುರಿಯುತ್ತ.
ಬೀಜದಿಂದ ಹುಟ್ಟುವವಳು ಮಗಳು.
ನನಗೆ ಬೇಕಾದದ್ದು ಅವಳೇ:
ಬಿಳಿ ಹೂ, ಒಂದೇ ಪಕಳೆಯಲ್ಲಿ ಕೆಂಪು ಗೀರು,
ಬೆರಳು ಕುಯ್ದುಕೊಂಡವರು ಒರೆಸಿಹೋದ ಹಾಗೆ.
ಮದುವೆಯ ವರ್ಷ ಅಕ್ಕ ದೊಸಿಂದಾ ನೆಟ್ಟದ್ದು.
ತಳಿಗೆ ಹೆಸರಿಲ್ಲ. ಯಾವ ನರ್ಸರಿಯಲ್ಲೂ ಇಲ್ಲ.
ಇರುವುದು ಗೋಡೆಯಾಚೆ, ಭಾವನ ಅಂಗಳದಲ್ಲಿ.

ಭಾವ ಸೆಕುಂದಿನೊ. ಮಾತು ಬಿಟ್ಟು ಹನ್ನೊಂದು ವರ್ಷ.
ಅಕ್ಕ ಮಣ್ಣು ಸೇರಿ ತಿಂಗಳಾಗಿರಲಿಲ್ಲ, ಗೋಡೆಯ ಜಗಳ.
ಒಂದು ಗೇಣು ಇತ್ತ ಬಂತೆಂದು ನಾನು,
ಅತ್ತ ಹೋಯಿತೆಂದು ಅವನು.
ಪೊಂತೆವೆದ್ರಾದಿಂದ ಸರ್ವೆಯವನು ಬಂದು
ಇಬ್ಬರದೂ ತಪ್ಪೆಂದು ಬರೆದು
ಇಬ್ಬರಿಗೂ ಬಿಲ್ಲು ಕೊಟ್ಟು ಹೋದ.
ಅಂದಿನಿಂದ ಬ್ರೆಡ್ಡಿನ ವ್ಯಾನು ಹಾರ್ನ್ ಹೊಡೆದರೆ
ಅವನು ಕೊಂಡು ಒಳಹೋಗುವ ತನಕ ನಾನು ಹೊರಬರುವುದಿಲ್ಲ.
ಒಮ್ಮೊಮ್ಮೆ ಬ್ರೆಡ್ಡೇ ಮುಗಿದಿರುತ್ತದೆ.

ಗಡಿ ಕಲ್ಲಿಗೆ ಗೊತ್ತು, ಕೊಂಬೆಗೆ ಗೊತ್ತಿಲ್ಲ.
ಮೇ ತಿಂಗಳು, ಅವನು ದೋಣಿಗೆ ಹೋದ ಹೊತ್ತು,
ನನ್ನ ಬಟ್ಟೆ ಹಗ್ಗದ ಮೇಲೆ ಚಾಚಿದ ಒಂದನ್ನು ಆರಿಸಿ
ಏಣಿ ಹತ್ತಿದೆ.
ಪೆನ್ಸಿಲ್ ದಪ್ಪದ ಟೊಂಗೆ. ಚಿಪ್ಪು ಬಿಡಿಸುವ ಚಾಕು.
ಸುತ್ತಲೂ ಬೆರಳಗಲ ತೊಗಟೆ ಸುಲಿದೆ.
ಒಳಗಿನ ಲೋಳೆ ಪೂರ್ತಿ ಕೆರೆಯಬೇಕು,
ಉಳಿದರೆ ಗಾಯ ಕೂಡಿಕೊಳ್ಳುತ್ತದೆ,
ಕೂಡಿಕೊಂಡರೆ ಬೇರು ಬರುವುದಿಲ್ಲ.
ಕೈಪಿಡಿಯಲ್ಲಿ ಮುಂದಿನ ಸಾಲು ಪಾಚಿಯ ಬಗ್ಗೆ.
ನಾನು ಇದೇ ಸಾಲಿನಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ,
ಏಣಿಯ ಮೇಲೆ.

ಹೊಳೆದಂಡೆಯ ಪಾಚಿ ನೆನೆಸಿ, ಹಿಂಡಿ, ಮೆತ್ತಿ,
ಪ್ಲಾಸ್ಟಿಕ್ ಸುತ್ತಿ, ಅದರ ಮೇಲೆ ಬೆಳ್ಳಿ ಕಾಗದ,
ಎರಡು ಕಡೆಗೂ ದಾರ.
ಗುಟ್ಟಿನ ಕೆಲಸ! ಬಿಸಿಲಿಗೆ ಥಳಥಳ,
ಕಡಲಿನಿಂದಲೂ ಕಾಣುವಂತೆ.

ಜುಲೈ. ಗೋಡೆ ದಾಟಿದ್ದನ್ನೆಲ್ಲ ಬೋಳಿಸುವುದು
ವರ್ಷಕ್ಕೊಮ್ಮೆ ಅವನ ಹಟ.
ಪರದೆಯ ಹಿಂದೆ ನಿಂತೆ.
ಕಟ್. ಕಟ್. ಕೊಂಬೆಗಳು ನನ್ನ ಕಡೆಗೇ ಬಿದ್ದವು.
ಆಮೇಲೆ ಒಂದು ಸಿಗರೇಟು ಮುಗಿಯುವಷ್ಟು ಹೊತ್ತು
ಏನೂ ಕೇಳಿಸಲಿಲ್ಲ.
ಸಂಜೆ ಹೋಗಿ ನೋಡಿದರೆ ಗೋಡೆಯ ತಲೆ ಬೋಳು,
ಒಂದೇ ಒಂದು ಕೊಂಬೆ,
ತೋಳಿಗೆ ಬೆಳ್ಳಿ ಪಟ್ಟಿ ಕಟ್ಟಿಕೊಂಡು.

ಆಗಸ್ಟಿನಲ್ಲಿ ಮೂರು ವಾರ ಮಳೆಯಿಲ್ಲ, ನನಗೆ ಎರಡೆರಡು ಪಾಳಿ.
ಪಾಚಿ ಒಣಗಿತೇನೋ ಎಂದು ಒಂದು ರಾತ್ರಿ
ಏಣಿ ಹತ್ತಿ ಮುಟ್ಟಿದೆ. ಒದ್ದೆ.
ಮೇಲಿನ ಗಂಟು ನಾನು ಹಾಕಿದ್ದಲ್ಲ, ದಾರವೂ ನನ್ನದಲ್ಲ.
ದೋಣಿಯವರ ಗಂಟು,
ಒಂದೆಳೆ ಎಳೆದರೆ ಬಿಚ್ಚುವಂಥದು.

ಅಕ್ಟೋಬರಿನಲ್ಲಿ ಪ್ಲಾಸ್ಟಿಕ್ಕಿಗೆ ಒತ್ತಿ
ಬಿಳಿ ಬೇರು, ಶಾವಿಗೆ ಎಳೆಯಂತೆ.
ಗಂಟಿನ ಕೆಳಗೆ ಗರಗಸ ಇಟ್ಟೆ.
ಸದ್ದು ಅವನಿಗೆ ಕೇಳಿಸಿರಲೇಬೇಕು.
ಅವನ ದಾರ ಸುತ್ತಿ ಗೋಡೆಯ ಮೇಲಿಟ್ಟೆ.
ಬೆಳಿಗ್ಗೆ ಇರಲಿಲ್ಲ.
ರಾತ್ರಿ ಗಾಳಿಯೂ ಜೋರಿತ್ತು, ಅದೂ ನಿಜ.

ಕುಂಡ ಅಡುಗೆಮನೆಯ ಬಾಗಿಲ ಬಳಿ ಇದೆ, ನೆರಳಿಗೆ.
ತುದಿಯಲ್ಲಿ ಒಂದು ಮೊಗ್ಗು.
ಚಿವುಟಿ ಹಾಕಿ, ಬೇರಿಗೆ ಬಲ ಬರಲಿ,
ಅನ್ನುತ್ತದೆ ಕೈಪಿಡಿ.
ಇನ್ನೂ ಚಿವುಟಿಲ್ಲ.