ಏನೂ ಇಲ್ಲ

ಸುಲ್ತಾನಪೇಟೆ. ಲಗ್ನಪತ್ರಿಕೆ ಅಂಗಡಿಯ ಅಟ್ಟ.
ಹಳೇ ಕಂಪ್ಯೂಟರಿನ ಫ್ಯಾನು ಕೆಮ್ಮುತ್ತದೆ.
'ಇಪ್ಪತ್ತೊಂದು ವರ್ಷದ ಮದುವೆಗಳಮ್ಮ, ವರ್ಷಕ್ಕೊಂದು ಫೈಲು,
ಒಂದೇ ಗಂಟು ಕಟ್ಟಿಕೊಡು' ಅಂದರು ಸಂಪಂಗಪ್ಪ.

ಬರೆದೆ ಒಂಬತ್ತು ಸಾಲು, ಕರೆದೆ ಜಿಪ್ ಲೈಬ್ರರಿಯನ್ನ.
ಹೆಸರಿಗೆ ತಕ್ಕ ಜಿಪುಣ ಅದು:
ಒಮ್ಮೆ ಬರೆದ ಮಾತು ಮತ್ತೆ ಬರೆಯದು,
'ಅಗೋ, ಹಿಂದೆ ಇದೆ ನೋಡು' ಅಂತ
ಬೆರಳು ತೋರಿಸಿ ಮುಂದೆ ಹೋಗುತ್ತದೆ.
ಗುರುಹಿರಿಯರು ನಿಶ್ಚಯಿಸಿದಂತೆ, ಒಂದೇ ಸಲ.
ಸಕುಟುಂಬ ಸಪರಿವಾರ, ಒಂದೇ ಸಲ.
ತಮ್ಮ ಸುಖಾಗಮನ ಬಯಸುವ
ಅಷ್ಟೂ ಜನ, ಒಂದೇ ಸಲ.
ಕುಗ್ಗದೆ ಉಳಿದವು ಹೆಸರುಗಳು,
ಮುಹೂರ್ತದ ಬಿಡಿ ನಿಮಿಷಗಳು.

ಸಂಜೆ ಬಿಚ್ಚಿ ನೋಡಿದೆ, ಸರಿಯಾಗಿ ಬರುತ್ತದೋ ಅಂತ.
ಬಂದವು, ಒಂದು ಒತ್ತಕ್ಷರವೂ ತಪ್ಪದೆ.
ಎರಡು ಸಾವಿರದ ಒಂಬತ್ತರ ಫೈಲಿನಲ್ಲಿ
ಸಂಪಂಗಪ್ಪನ ಕಣ್ಣು ನಿಂತಿತು:
'ನಮ್ಮ ಜ್ಯೇಷ್ಠ ಪುತ್ರಿ ಚಿ. ಸೌ. ವನಮಾಲ',
ಕೆಳಗೆ ಈ ಅಂಗಡಿಯದೇ ವಿಳಾಸ.
ತಲೆಯಲ್ಲಿ ಎರಡು ಪದ: ಪ್ರಿಂಟ್ ಬೇಡ.

'ಇದೂ ಬಂತಾ.'
'ಏನು ಸಾರ್?'
'ಏನೂ ಇಲ್ಲ.'

ಹೊರಡುವ ಮುಂಚೆ ಕೊನೆಯದೊಂದು ಪರೀಕ್ಷೆ:
ಗಂಟಿನೊಳಗೆ ಎಲ್ಲಾದರೂ ಏನಾದರೂ ಮುರಿದಿದೆಯಾ?
ಲೈಬ್ರರಿಯೂ ಅದನ್ನೇ ಅಂದಿತು.